ಶನಿವಾರದ ಗಾಳಿ

ಎರ್ಲಿಂಡಾ ಮೊದಲ ಸಲ ನನ್ನ ಗ್ಯಾರೇಜಿಗೆ ಬಂದಾಗ ಅವಳ ಅಂಗೈಗಳು ಕೆಂಪಾಗಿದ್ದವು. ಸ್ಟೀರಿಂಗ್ ಅಷ್ಟು ಬಿಗಿ. ಅವಳ ಅಪ್ಪ ಬಿಟ್ಟುಹೋದ ಬಿಳಿ ಕಾರು, ಪವರ್ ಸ್ಟೀರಿಂಗ್ ಇಲ್ಲದ ಕಾಲದ್ದು. ಅದರಲ್ಲೇ ಅವಳು ಇಲೊಯಿಲೊ ಊರೆಲ್ಲ ಸುತ್ತಿ ಅಂಗಡಿಗಳಿಗೆ ಬಿಸ್ಕೋಚೊ ಎಂಬ ಗರಿಗರಿ ಸಿಹಿ ರಸ್ಕು ಹಾಕುತ್ತಿದ್ದಳು.

"ನೊಂಗ್, ಈ ಕಾರು ನನ್ನ ಮಾತೇ ಕೇಳಲ್ಲ," ಅಂದಳು.

ನೊಂಗ್ ಅಂದರೆ ಅಣ್ಣ. ನಮ್ಮೂರಲ್ಲಿ ಮೀನು ಮಾರುವವನೂ ನೊಂಗ್, ಜೀಪ್ನಿ ಓಡಿಸುವವನೂ ನೊಂಗ್. ಆದರೂ ಅವಳು ಹಾಗಂದಾಗ ಮೂವತ್ತಾರರ ನನ್ನ ಮುಖ ಸ್ವಲ್ಪ ಇಳಿದುಹೋಯಿತು.

ನೋಡಿದರೆ ಮುಂದಿನ ಎರಡೂ ಟೈರಲ್ಲಿ ಗಾಳಿ ಅರ್ಧಕ್ಕರ್ಧ ಇಲ್ಲ. ಹಳೇ ಕಾರಿನ ಸ್ಟೀರಿಂಗ್ ಬಿಗಿಯಾಗಲು ಅಷ್ಟೇ ಸಾಕು. ಗಾಳಿ ತುಂಬಿಸಿ ಕಳಿಸಿದೆ. ಹೋಗುವಾಗ ಅವಳು ಕಿಟಕಿಯಿಂದ ಒಂದು ಪೊಟ್ಟಣ ಬಿಸ್ಕೋಚೊ ನೀಡಿ, ಅದನ್ನು ಇಸಿದುಕೊಂಡ ನನ್ನ ಗ್ರೀಸ್ ಮೆತ್ತಿದ ಬೆರಳುಗಳನ್ನು ನೋಡಿ ನಕ್ಕಳು. ಆ ನಗು ಇಡೀ ವಾರ ನನ್ನ ಜೊತೆಗಿತ್ತು.

ಮುಂದಿನ ಶನಿವಾರ ಮತ್ತೆ ಬಂದಳು. ಮತ್ತೆ ಗಾಳಿಯಿಲ್ಲ. ವಾಲ್ವ್ ಹಾಳಾಗಿರಬೇಕೆಂದು ಎರಡನ್ನೂ ಬದಲಾಯಿಸಿದೆ. ಅದರ ಮುಂದಿನ ಶನಿವಾರವೂ ಅದೇ ಕಥೆ. ಟೈರಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿದೆ. ಒಂದೂ ಏಳಲಿಲ್ಲ. ಅವಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಟೈರು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಸೆಲ್ಸೊ, ಸಿಕ್ತಾ ತೂತು?"

ನೊಂಗ್ ಬಿಟ್ಟು ಹೆಸರು ಹಿಡಿದಿದ್ದಳು. ಅದನ್ನು ಇನ್ನೊಮ್ಮೆ ಕೇಳಬೇಕೆನಿಸಿತು. ಬಾಯಿಂದ ಹೊರಟದ್ದು ಮಾತ್ರ, "ಇಲ್ಲ ಇಂದೈ, ರಿಮ್ಮಿನ ಹತ್ರ ಇರಬಹುದು." ಇಂದೈ ಅಂದರೆ ತಂಗಿ.

ಆ ದಿನ ಅವಳು ಇನ್ನೊಂದು ವಿಷಯವನ್ನೂ ಹೇಳಿದಳು. ಕಡಲಾಚೆಯ ಬಕೊಲೊಡ್‌ನಲ್ಲಿ ಬೇಕರಿ ಇಟ್ಟಿರುವ ಒಬ್ಬರ ಮನೆಯಿಂದ ಸಂಬಂಧ ಬಂದಿದೆಯಂತೆ. ಫೆಬ್ರವರಿಯ ಕಂದೆಲಾರಿಯಾ ಹಬ್ಬದೊಳಗೆ ಅಮ್ಮನಿಗೆ ಉತ್ತರ ಕೊಡಬೇಕಂತೆ. ಹಬ್ಬಕ್ಕೆ ಎರಡು ವಾರವಿತ್ತು. ಅಷ್ಟರೊಳಗೆ ಮನಸ್ಸಿನಲ್ಲಿರುವುದನ್ನು ಹೇಳಿಬಿಡಬೇಕೆಂದು ತೀರ್ಮಾನಿಸಿದೆ.

ಆದರೆ ಬರಿಗೈಲಿ ಹೇಗೆ ಹೇಳುವುದು? ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಮುಂದಿನ ಶನಿವಾರ ಕಾರಿನ ಮುಂಭಾಗಕ್ಕೆ ಜಾಕ್ ಕೊಟ್ಟು, ಚಕ್ರ ನೆಲ ಬಿಟ್ಟಮೇಲೆ ಸ್ಟೀರಿಂಗ್ ತಿರುಗಿಸಿದೆ. ಆಗಲೂ ಅಲ್ಲಲ್ಲಿ ಹಿಡಿಯುತ್ತಿತ್ತು. ಸಿಕ್ಕಿಬಿತ್ತು ಅಂದುಕೊಂಡೆ. ಸ್ಟೀರಿಂಗ್ ಕಂಬಿಯ ಬುಡದ ಜಾಯಿಂಟ್ ತುಕ್ಕು ತಿಂದು ಕಚ್ಚಿಕೊಂಡಿತ್ತು. ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ ಒಳ್ಳೆಯ ಜಾಯಿಂಟ್ ತಂದು ಹಾಕಿದೆ, ಗ್ರೀಸ್ ತುಂಬಿದೆ, ಅಲೈನ್‌ಮೆಂಟ್ ಮಾಡಿದೆ. ಕೊನೆಗೆ ಒಂದು ಬೆರಳಲ್ಲಿ ತಿರುಗುವಂತಾಯಿತು.

ಅದರ ಮೇಲೆ ಒಂದು ಉಡುಗೊರೆಯನ್ನೂ ಕೊಟ್ಟೆ. ಕಾಲಲ್ಲಿ ಒತ್ತುವ ಹೊಸ ಗಾಳಿ ಪಂಪು, ಕೆಂಪು ಬಣ್ಣದ್ದು.

"ಇನ್ಮೇಲೆ ನೀವು ಇಷ್ಟು ದೂರ ಬರೋದೇ ಬೇಕಾಗಿಲ್ಲ," ಅಂದೆ ಹೆಮ್ಮೆಯಿಂದ. ಅದಾದ ಮೇಲೆ ಮನಸ್ಸಿನ ಮಾತು ಎತ್ತುವುದೆಂದು ಲೆಕ್ಕ ಹಾಕಿದ್ದೆ.

ಅವಳು ಪಂಪನ್ನು ನೋಡಿದಳು, ಮುಟ್ಟಲಿಲ್ಲ.

"ಈ ಕಾರು ಬಕೊಲೊಡ್‌ವರೆಗೂ ಹೋಗುತ್ತಾ?"

"ಹಡಗಿಗೆ ಹತ್ತಿಸಿದರೆ ಸಾಕು. ಆಮೇಲೆ ಬೆಣ್ಣೆ ಥರ ಹೋಗುತ್ತೆ."

"ಥ್ಯಾಂಕ್ಸ್, ನೊಂಗ್," ಅಂದಳು.

ಆ ನೊಂಗ್ ಕಿವಿಗೆ ಬಿದ್ದದ್ದೇ, ಎತ್ತಬೇಕೆಂದಿದ್ದ ಮಾತು ಬಿಟ್ಟು ಪಂಪನ್ನು ಡಿಕ್ಕಿಗೆ ಹಾಕಿದೆ. ಅವಳು ಹೊರಟುಹೋದಳು. ಹಬ್ಬಕ್ಕೆ ಮೊದಲೇ ಮಾತುಕತೆ ಮುಗಿದು, ಈಸ್ಟರ್ ಆದಮೇಲೆ ಮದುವೆಯೂ ಆಯಿತು.

ಜೂನಿನಲ್ಲಿ ಒಂದು ದಿನ ನನ್ನ ಗ್ಯಾರೇಜಿನ ಹತ್ತಿರದ ತಿರುವಿನ ಪಂಕ್ಚರ್ ಅಂಗಡಿಯ ಪುರಿತಾ ಮುದುಕಿಯ ಹತ್ತಿರ ಕೂತು ಕಾಫಿ ಕುಡಿಯುತ್ತಿದ್ದೆ. ಮಾತಿನ ಮಧ್ಯೆ ಅವಳು ಕೇಳಿದಳು, "ಆ ಬಿಸ್ಕೋಚೊ ಹುಡುಗಿ ಯಾಕೆ ಬರ್ತಿಲ್ಲ?"

ಕಾರು ಸರಿಹೋಯಿತು, ಮದುವೆಯೂ ಆಯಿತು ಅಂದೆ.

"ಅಯ್ಯೋ ಪೆದ್ದೇ," ಅಂದಳು ಮುದುಕಿ. "ನಲವತ್ತು ವರ್ಷದಿಂದ ಜನ ನನ್ನ ಅಂಗಡಿ ಮುಂದೆ ಗಾಳಿ ಹಾಕಿಸ್ಕೊಳ್ಳೋಕೆ ಕಾರು ನಿಲ್ಲಿಸ್ತಾರೆ. ಅವಳೊಬ್ಬಳು ಶನಿವಾರ ಶನಿವಾರ ಇಳಿದು, ತಲೆಯ ಪಿನ್ ತೆಗೆದು, ಇದ್ದ ಗಾಳೀನೂ ಬಿಡ್ತಿದ್ದಳು. ನಿಮ್ಮಿಬ್ಬರದೇ ಏನೋ ಆಟ ಅಂತ ನಾನು ಸುಮ್ಮನಿದ್ದೆ."

ನಮ್ಮೂರಲ್ಲಿ ಮೂಲೆಗೊಂದು ಪಂಕ್ಚರ್ ಅಂಗಡಿ. ಎರ್ಲಿಂಡಾಳ ಮನೆಯಿಂದ ನನ್ನ ಗ್ಯಾರೇಜಿನವರೆಗೆ ಹನ್ನೊಂದು ಇವೆ. ಆ ಸಂಜೆ ಸೈಕಲ್ಲಿನಲ್ಲಿ ಹೋಗಿ ಎಣಿಸಿ ಬಂದೆ. ಬರೀ ಗಾಳಿಗೆ ಯಾರಾದರೂ ಹನ್ನೊಂದು ಅಂಗಡಿ ದಾಟಿಕೊಂಡು ಬರುತ್ತಾರೆಯೇ ಎಂದು ಒಂದು ಸಲವೂ ನನಗೆ ಹೊಳೆದಿರಲಿಲ್ಲ. ಸೋಪಿನ ನೀರಲ್ಲಿ ಗುಳ್ಳೆ ಹುಡುಕುತ್ತ ಕೂತಿದ್ದೆ.

ಮುಂದಿನ ವರ್ಷದ ಕಂದೆಲಾರಿಯಾಕ್ಕೆ ಎರ್ಲಿಂಡಾ ಗಂಡನ ಜೊತೆ ಊರಿಗೆ ಬಂದಳು. ಕಾರು ನನ್ನ ಬಾಗಿಲಿಗೂ ಬಂತು. ಗಂಡ ಒಳ್ಳೆಯ ಮನುಷ್ಯ. ಕಾರು ನಿಮ್ಮ ದಯೆಯಿಂದ ಚೆನ್ನಾಗಿದೆ, ಆದರೂ ಒಮ್ಮೆ ನೋಡಿಬಿಡಿ ಅಂದ. ಅವಳು ಇಳಿಯದೆ ಒಳಗೇ ಕೂತಿದ್ದಳು. ನಾನು ಮಂಡಿಯೂರಿ ಮುಂದಿನ ಟೈರಿಗೆ ಗಾಳಿ ಅಳೆಯುವ ಗೇಜ್ ಹಿಡಿದೆ. ಕಡಿಮೆಯಿರಲಿ ದೇವರೇ, ಒಂದೇ ಒಂದರಲ್ಲಾದರೂ ಕಡಿಮೆಯಿರಲಿ ಅಂದುಕೊಂಡೆ.

"ನಿಮ್ಮ ಪಂಪಲ್ಲಿ ವಾರಾವಾರ ನಾನೇ ಗಾಳಿ ಹಾಕ್ತೀನಿ," ಅಂದ ಗಂಡ. "ಇವಳು ಮಾತ್ರ ಅದನ್ನ ಕೈಯಲ್ಲೂ ಮುಟ್ಟೋದಿಲ್ಲ, ಯಾಕೋ."

ತಲೆಯೆತ್ತಿ ನೋಡಿದೆ. ಅವಳು ಕಿಟಕಿಯ ಆಚೆ, ತಿರುವಿನ ಕಡೆ ನೋಡುತ್ತಿದ್ದಳು.

ಇನ್ನೊಂದು ಟೈರಿಗೂ ಗೇಜ್ ಹಿಡಿದೆ. ಎರಡರಲ್ಲೂ ಗಾಳಿ ಸರಿಯಾಗಿತ್ತು.