ಪೂರ್ತಿ ತಟ್ಟದೆ ಬಿಟ್ಟ ಮೂಲೆ

ತಾರಸಿ ಪರೀಕ್ಷಿಸುವುದು ನನ್ನ ಕಸುಬು. ಸುತ್ತಿಗೆಯಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು, ಮತ್ತೊಮ್ಮೆ ತಟ್ಟುತ್ತೇನೆ. ಒಳಗೆ ಟೊಳ್ಳಿದ್ದರೆ ಸದ್ದೇ ಹೇಳುತ್ತದೆ. ತಂಗಿ ಮನೆ ಕೊಳ್ಳುವ ಮುಂಚೆ ನನ್ನನ್ನೇ ಕರೆದಳು. "ನೀನು ಹೂಂ ಅಂದ್ರೆ ಮಾತ್ರ ತಗೋತೀನಿ ಅಣ್ಣ" ಎಂದಳು.

ಮಟಮಟ ಮಧ್ಯಾಹ್ನ. ಖಾಲಿ ಮನೆಗೆ ಬೀಗ ಹಾಕಿತ್ತು, ಕೀಲಿ ನನ್ನ ಜೇಬಿನಲ್ಲಿತ್ತು. ಹೊರಮೆಟ್ಟಿಲು ಹತ್ತಿ ಮೇಲೆ ಹೋದೆ. ಚಪ್ಪಲಿಯೊಳಗೂ ಕಾಲು ಸುಡುತ್ತಿತ್ತು. ನೀರಿನ ಟ್ಯಾಂಕಿನ ಪಕ್ಕದ ಮೂಲೆ ಮಾತ್ರ ಅಂಗೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಅಲ್ಲಿ ಎರಡು ಸಲ ತಟ್ಟಿದೆ. ಮತ್ತೆ ಕೈ ಎತ್ತುವಷ್ಟರಲ್ಲಿ, ಮೂರನೆಯದನ್ನು ಕೆಳಗಿನಿಂದ ಯಾರೋ ತಟ್ಟಿದರು.

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಬೀಗ ತೆಗೆದು ಒಳಗೆ ನೋಡಲೂ ಧೈರ್ಯ ಬರಲಿಲ್ಲ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನು ಹೆದರಿದೆ ಎನ್ನಲು ನಾಚಿಕೆಯಾಗಿ, "ಎಲ್ಲ ಮೂಲೆಯೂ ಗಟ್ಟಿಯಾಗಿದೆ" ಎಂದು ವರದಿ ಬರೆದು ಸಹಿ ಹಾಕಿದೆ.

ತಂಗಿ ಆ ಮನೆ ಸೇರಿ ಮೂರು ತಿಂಗಳಾಯಿತು. ನಾನು ಏನಾದರೊಂದು ನೆಪ ಹೇಳಿ ಅತ್ತ ತಲೆ ಹಾಕಿಲ್ಲ. ನಿನ್ನೆ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅವಳ ಫೋನ್ ಬಂತು.

"ದಿನಾ ಬಂದು ತಾರಸಿ ತಟ್ಟಿ ಹಾಗೇ ಹೋಗ್ತೀಯಲ್ಲೋ! ನಿನ್ನ ಸುತ್ತಿಗೆ ಸದ್ದು ನಂಗೆ ಗೊತ್ತಾಗಲ್ವಾ? ಇವತ್ತು ಹಾಗೇ ಹೋಗ್ಬೇಡ, ಮೇಲೇ ಇರು, ನೀರು ತಂದೆ."

ನನ್ನ ಸುತ್ತಿಗೆ ಎದುರಿಗೆ ಮೇಜಿನ ಮೇಲಿತ್ತು. ಹತ್ತಬೇಡ ಎನ್ನಬೇಕಿತ್ತು. ಹಾಗೆ ಹೇಳಿದರೆ ಆ ಸುಳ್ಳು ವರದಿಯ ವಿಷಯವನ್ನೂ ಬಾಯಿಬಿಡಬೇಕಿತ್ತು. ಫೋನನ್ನು ಕಿವಿಗೆ ಒತ್ತಿಕೊಂಡು, ಅವಳು ಮೆಟ್ಟಿಲು ಹತ್ತುವುದನ್ನು ಕೇಳಿಸಿಕೊಂಡೆ.

"ಅಬ್ಬ, ಈ ಮೂಲೆ ಎಷ್ಟು ತಣ್ಣಗಿದೆ!" ಎಂದಳು. ಆಮೇಲೆ, "ತಗೋ ಅಣ್ಣ."

ಯಾರೋ ಗಟಗಟನೆ ನೀರು ಕುಡಿಯುವ ಸದ್ದು ಕೇಳಿಸಿತು.