ತುಂಬಿಯೇ ಬಂದ ಫ್ಲಾಸ್ಕ್

"ಫ್ಲಾಸ್ಕ್ ಇವತ್ತೂ ತುಂಬಿಯೇ ವಾಪಸ್ ಬಂದಿದೆ. ನಾನು ಕಾಯಿಸಿದ ನೀರಲ್ಲಿ ವಿಷ ಇದೆಯಾ?"

ಕೆಲಸಕ್ಕೆ ಸೇರಿ ಮೂರೇ ದಿನವಾಗಿದ್ದ ಅಡುಗೆಯವನು ಹೀಗೆ ಕೇಳಿದ್ದು ಊಟದ ಕೋಣೆಯಲ್ಲಿ, ಎಲ್ಲ ಗೈಡ್‌ಗಳ ಎದುರಿಗೆ. ಅವಳ ಮುಖ ಕೆಂಪಾಯಿತು. ಪರ್ವತದ ಬುಡದ ಆ ವಸತಿಗೃಹದಲ್ಲಿ ಅವಳೊಬ್ಬಳೇ ಹೆಣ್ಣು ಗೈಡ್. ಸಿಟ್ಟಂತೂ ಸದಾ ಮೂಗಿನ ತುದಿಯಲ್ಲೇ.

"ನಿಮ್ಮ ಕೆಲಸ ಒಲೆ ಮುಂದೆ. ಅಲ್ಲೇ ಇರಿ," ಎಂದು ಎದ್ದು ಹೋದಳು.

ಆದರೆ ಅವನ ಕಣ್ಣು ತಪ್ಪಿಸುವುದು ಸುಲಭವಿರಲಿಲ್ಲ. ಹತ್ತುವ ಹಿಂದಿನ ದಿನವೇ ಅವನು ಗೈಡ್‌ಗಳಿಗೆ ಅನ್ನ, ಬೇಳೆ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ ಒತ್ತಾಯ ಮಾಡಿ ಬಡಿಸುತ್ತಿದ್ದ. ಬೆಳಿಗ್ಗೆ ಗಂಜಿ, ಎರಡು ಲೋಟ ಬೆಚ್ಚಗಿನ ನೀರು. ಆಮೇಲೆ ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಯಬೇಕು. ಅವಳು ಗಂಜಿಯನ್ನೇನೋ ತಿನ್ನುತ್ತಿದ್ದಳು, ನೀರನ್ನು ಮಾತ್ರ ಕಿಟಕಿಯ ಹೂಕುಂಡಕ್ಕೆ ಸುರಿಯುತ್ತಿದ್ದಳು.

ಯಾಕೆ ಹೀಗೆ ನೋಡ್ತಾನೆ ಇವನು? ನೋಡದಿದ್ದ ದಿನ ನನಗ್ಯಾಕೆ ಇಷ್ಟು ತಳಮಳ?

ಹದಿನೈದು ದಿನ ಹೀಗೇ ಕಳೆಯಿತು. ಮರುದಿನ ಅವಳು ಮೊದಲ ಬಾರಿಗೆ ತಂಡದ ಮುಂದಾಳಾಗಿ ಶಿಖರಕ್ಕೆ ಹೊರಡಬೇಕಿತ್ತು. ಅದಕ್ಕಾಗಿ ಆರು ವರ್ಷ ಕಾದಿದ್ದಳು. ಅಷ್ಟರಲ್ಲಿ ಮುಖ್ಯ ಗೈಡ್ ಕರೆದು, ಅಡುಗೆಯವನು ನಿನ್ನ ನೀರಿನ ವಿಷಯ ಹೇಳಿದ ಎಂದರು. ಮುಂದಿನ ಮಾತು ಕೇಳಲು ಅವಳು ನಿಂತರೆ ತಾನೆ? ನೇರ ಅಡುಗೆಮನೆಗೆ ನುಗ್ಗಿದಳು.

"ಚಾಡಿ ಹೇಳಿ ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ... ಏನು ಸಿಕ್ತು ನಿಮಗೆ?"

ಅವನು ಸೌಟು ಕೆಳಗಿಟ್ಟ. "ನಿಮ್ಮನ್ನ ತೆಗೀರಿ ಅಂತ ಹೇಳಿಲ್ಲ. ದಾರೀಲಿರೋ ದೊಡ್ಡ ಬಂಡೆ ಹತ್ರ ಎಲ್ಲರನ್ನೂ ಹತ್ತು ನಿಮಿಷ ನಿಲ್ಲಿಸಿ, ಅದರ ಮರೆ ನಿಮಗೆ ಬಿಡಿ ಅಂದೆ. ಆರು ಗಂಡಸರ ಜೊತೆ ಒಂದೇ ಹಗ್ಗ ಕಟ್ಕೊಂಡು ಹೋಗ್ತೀರಿ. ಮಧ್ಯದಲ್ಲಿ ಮರೆಗೆ ಹೋಗಬೇಕಾಗುತ್ತೆ ಅಂತ ತಾನೆ ನೀರು ಕುಡಿಯಲ್ಲ?"

"ಯಾರು ಹೇಳಿದ್ರು?"

"ಯಾರೂ ಇಲ್ಲ. ಇಳಿದು ಬಂದ ತಕ್ಷಣ ನಾಲ್ಕು ಲೋಟ ಗಟಗಟ ಕುಡೀತೀರಿ. ನೋಡಿದೀನಿ."

ಅವಳಿಗೆ ಅಳು ಬಂತು. ಕಳೆದ ವಾರ ಕಡಿದಾದ ಏರಿನಲ್ಲಿ ಕಣ್ಣು ಕತ್ತಲಿಟ್ಟಿದ್ದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮುಂದಾಳತ್ವ ಹೋಗುತ್ತದೆ. ಹೇಳದಿದ್ದರೆ ಹಗ್ಗಕ್ಕೆ ಕಟ್ಟಿಕೊಂಡ ಆರು ಜೀವ...

ಹೋಗಿ ಮುಖ್ಯ ಗೈಡ್ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು. ಅವರು ಬೈದರು, ಚೆನ್ನಾಗಿಯೇ ಬೈದರು. ಕೊನೆಗೆ, ಈಗಿನಿಂದಲೇ ಕುಡಿ, ಬಂಡೆಯ ಬಳಿ ಎಲ್ಲರೂ ನಿಲ್ಲುತ್ತಾರೆ, ನಾಳೆ ಮುಂದಾಳು ನೀನೇ ಎಂದರು.

ಮರುದಿನ ಮಧ್ಯಾಹ್ನ ಆರೂ ಮಂದಿಯನ್ನು ಕ್ಷೇಮವಾಗಿ ಇಳಿಸಿಕೊಂಡು ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ಒಳಗೆ ಅವನ ತಟ್ಟೆಯ ಊಟ ಆರಿ ತಣ್ಣಗಾಗಿತ್ತು.

"ಊರಿಗೆಲ್ಲ ಬಡಿಸ್ತೀರಿ, ನೀವ್ಯಾಕೆ ತಿಂದಿಲ್ಲ?"

"ನೀವು ಮೇಲಿದ್ರೆ ನನಗೆ ತುತ್ತು ಇಳಿಯಲ್ಲ. ಎಷ್ಟೋ ದಿನದಿಂದ ಹೀಗೇ..." ಅವನು ಒಳಗೆ ಬಂದು ಊಟದ ಮೇಜಿಗೆ ಕುಳಿತ. "ನಿಮ್ಮನ್ನ ಪ್ರೀತಿಸ್ತೀನಿ."

ಅವಳು ತಟ್ಟೆಯನ್ನು ಅವನ ಮುಂದೆ ಸರಿಸಿ, ಬೂಟು ಕೂಡ ಬಿಚ್ಚದೆ ಎದುರಿಗೆ ಕುಳಿತಳು.

"ನಾನೂ. ಈಗ ಇಲ್ಲೇ ಇದ್ದೀನಲ್ಲ... ತಿನ್ನಿ."