ಎದೆಯೆತ್ತರದ ಮೇಣದಬತ್ತಿ

ನಮ್ಮಣ್ಣನನ್ನು ಪೊಲೀಸರು ಎಳೆದುಕೊಂಡು ಹೋದ ಮರುದಿನ ಬೆಳಿಗ್ಗೆ, ಸತ್ತವನ ತಂಗಿ ನಮ್ಮ ಸೈಕಲ್ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಜಗಳಕ್ಕೇ ಬಂದಿದ್ದಾಳೆಂದು ನಾನು ಕೈಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ. ಅವಳು ನನ್ನನ್ನು ದಾಟಿ ಮಹಡಿಯ ಮೆಟ್ಟಿಲು ನೋಡಿದಳು.

“ಡಾಕ್ಟ್ರಮ್ಮ ಇರೋದು ಇಲ್ಲೇ ಅಲ್ವಾ? ನಮ್ಮಣ್ಣ ಕುಡಿದು ಬಿದ್ದು ಸತ್ತ ಅಂತಿದಾರೆ. ಅವನು ಕುಡಿದರೆ ಸೈಕಲ್ ಮುಟ್ಟೋನಲ್ಲ.”

ಡಾಕ್ಟ್ರಮ್ಮ ನಮ್ಮ ಮಹಡಿಯ ಬಾಡಿಗೆದಾರರು. ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಯವಿಡೀ ಹೆಣ ಕೊಯ್ದು ನಿವೃತ್ತರಾದವರು. ಊರಲ್ಲಿ ಯಾರಿಗೆ ಬಿಡಿಸಲಾಗದ ಗಂಟು ಬಿದ್ದರೂ ಆ ಮೆಟ್ಟಿಲು ಹತ್ತುತ್ತಿದ್ದರು. ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸುತ್ತಿಸುವುದು, ನಾನು ಶಾಲೆಗೆ ಕೈಮುಗಿದ ವರ್ಷದಿಂದ ನನ್ನ ಕೆಲಸ.

ನಡೆದದ್ದು ಇಷ್ಟು. ಸತ್ತವನೂ ಅವನ ತಂಗಿಯೂ ಬೆನ್ನುಚೀಲ ಹೊತ್ತು ದ್ರಾಕ್ಷಿ ಸೀಮೆ ಸುತ್ತಲು ಬಂದವರು. ನಮ್ಮಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡು ದಿನಕ್ಕೊಂದು ವೈನರಿ ನೋಡುತ್ತಿದ್ದರು. ಅವನು ಸತ್ತ ದಿನ ತಂಗಿಗೆ ಜ್ವರ. ಅವನೊಬ್ಬನೇ ಗುಡ್ಡದ ಮೇಲಿನ ವೈನರಿಗೆ ಹೋದ. ಸಂಜೆ ಅದರ ಕೆಳಗಿನ ತಿರುವಿನ ಕಮರಿಯಲ್ಲಿ ಹೆಣವೂ ಸೈಕಲ್ಲೂ ಸಿಕ್ಕವು. ಮುಂದಿನ ಬ್ರೇಕಿನ ತಂತಿ ಕಳಚಿತ್ತು. ಅವನು ಗ್ಲಾಸಿನ ಮೇಲೆ ಗ್ಲಾಸು ಕೆಂಪು ವೈನ್ ಕುಡಿದು ತೂರಾಡುತ್ತ ಹೊರಟನೆಂದು ವೈನರಿಯ ಯಜಮಾನ ಹೇಳಿಕೆ ಕೊಟ್ಟಿದ್ದ. ಅಷ್ಟೇ ಸಾಕಾಯಿತು. ಕೆಟ್ಟ ಸೈಕಲ್ ಕೊಟ್ಟು ಜೀವ ತೆಗೆದವನೆಂದು ನಮ್ಮಣ್ಣ ಲಾಕಪ್ಪಿಗೆ ಬಿದ್ದ. ನಾಳೆ ಕೋರ್ಟು, ಆಮೇಲೆ ಜೈಲು.

ನಮ್ಮ ಸೈಕಲ್ಲುಗಳ ಅಸಲಿ ಬ್ರೇಕು ಹಿಂದಿನ ಚಕ್ರದೊಳಗಿದೆ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಗಕ್ಕನೆ ನಿಲ್ಲುತ್ತದೆ, ಮುಂದಿನದು ಹೆಸರಿಗಷ್ಟೇ ಎಂದು ನಾನು ಠಾಣೆಯಲ್ಲಿ ಗಂಟಲು ಹರಿದುಕೊಂಡಿದ್ದೆ. ಒಂದು ಕೆಟ್ಟಿತ್ತೋ ಇಲ್ಲವೋ ಅಷ್ಟು ಹೇಳು ಎಂದು ಇನ್‌ಸ್ಪೆಕ್ಟರ್ ನನ್ನನ್ನು ಆಚೆ ಅಟ್ಟಿದ್ದ. ಯಜಮಾನನ ಬಾಟಲಿಗಳು ಯಾರ್ಯಾರ ಮನೆಯ ಕಪಾಟಿನಲ್ಲಿವೆ ಎಂಬುದು ಊರಿಗೇ ಗೊತ್ತು.

ಡಾಕ್ಟ್ರಮ್ಮ ಮೊದಲು ಶವಾಗಾರಕ್ಕೆ ನಡೆದರು. ಅವರ ಕೈಕೆಳಗೆ ಪಳಗಿದವನೇ ಈಗ ಅಲ್ಲಿನ ಡಾಕ್ಟರು, ಬಾಗಿಲು ತೆರೆದುಕೊಟ್ಟ. ಹಣೆ ಒಡೆದು, ರಕ್ತ ಇಳಿದು ಅಂಗಿಯ ಕಾಲರೆಲ್ಲ ಗಟ್ಟಿಯಾಗಿತ್ತು. ಡಾಕ್ಟ್ರಮ್ಮ ತುಟಿ ಎತ್ತಿ ನನಗೂ ತೋರಿಸಿದರು. ಹಲ್ಲು ಹಾಲಿನಂತಿದ್ದವು. ಅಂಗೈಗಳಲ್ಲಿ ಒಂದು ಗೀರಿಲ್ಲ. ಅಂಗಿಯ ಎದೆಭಾಗದಲ್ಲಿ ಮೇಣದ ಹನಿಗಳು ಒಣಗಿದ್ದವು.

“ಏನಂತೀಯೋ?” ಎಂದರು.

ಆ ಯಜಮಾನನ ಕುತ್ತಿಗೆ ಹಿಸುಕಬೇಕು ಅಂತೀನಿ ಎಂದೆ. ಮೊದಲು ಸೈಕಲ್ ತಿರುಗಿಸು ಎಂದರು.

ವೈನರಿಯಲ್ಲಿ ನಮ್ಮನ್ನು ಎದುರುಗೊಂಡವನು ಯಜಮಾನನ ಅಳಿಯ. ಪ್ರವಾಸಿಗಳ ಸೈಕಲ್ ತಂಡಗಳನ್ನು ತೋಟದಿಂದ ತೋಟಕ್ಕೆ ಒಯ್ಯುವವನು ಅವನೇ, ನಮ್ಮ ಹಳೇ ಗಿರಾಕಿ. ಬಂದವರಿಗೆ ಮೊದಲು ನೆಲಮಾಳಿಗೆ ತೋರಿಸಿ ಆಮೇಲೆ ವೈನ್ ರುಚಿ ಮಾಡಿಸುವುದು ವಾಡಿಕೆಯೆಂದು ಹೇಳಿದ. ಅಂದು ಮಧ್ಯಾಹ್ನ ತಾನು ಪೇಟೆಯಲ್ಲಿದ್ದೆನೆಂದ. ನಿಮ್ಮ ಮಾವನೂ ತಂಡದ ಜೊತೆ ಬರುತ್ತಾರಾ ಎಂದು ಡಾಕ್ಟ್ರಮ್ಮ ಸುಮ್ಮನೆ ಎಂಬಂತೆ ಕೇಳಿದರು.

“ಮಾವನಾ? ಹುಟ್ಟಿದಾಗಿನಿಂದ ಸೈಕಲ್ ಹತ್ತಿದವರಲ್ಲ. ಗೇಟಿನ ತನಕ ಹೋಗೋಕೂ ಕಾರು ಬೇಕು.”

ನೆಲಮಾಳಿಗೆಯ ಕೆಲಸಗಾರ ನಮ್ಮಿಂದಲೇ ಕೊಂಡ ಹಳೆಯ ಸೈಕಲ್ಲನ್ನು ಗೋಡೆಗೆ ಒರಗಿಸಿ, ಗೂಡಿನಿಂದ ಮೇಣದಬತ್ತಿ ತೆಗೆದು ಹಚ್ಚಿದ. ಮೊಣಕಾಲಿಗಿಂತ ಕೆಳಗೆ ಹಿಡಿದು, ಬಗ್ಗಿ, ಒಂದೊಂದೇ ಮೆಟ್ಟಿಲು ಇಳಿದ. ದ್ರಾಕ್ಷಿ ರಸ ತೊಟ್ಟಿಯಲ್ಲಿ ಹುದುಗು ಬರುವಾಗ ಕೆಟ್ಟ ಗಾಳಿ ಏಳುತ್ತದಂತೆ. ಭಾರದ ಗಾಳಿ, ನೆಲಕ್ಕೆ ನೀರಿನ ಹಾಗೆ ಹರಡಿ ನಿಲ್ಲುತ್ತದಂತೆ. ಬತ್ತಿ ಆರಿದರೆ ವಾಪಸು. ಗೋಡೆಯಲ್ಲಿ ದೊಡ್ಡ ಫ್ಯಾನು ಗುಡುಗುತ್ತಿತ್ತು. ಅದು ಯಾವಾಗಲೂ ತಿರುಗುತ್ತಾ ಎಂದು ಡಾಕ್ಟ್ರಮ್ಮ ಕೇಳಿದರೆ ಅವನು ನೆಲ ನೋಡಿದ. ಮೇಲೆ ಅತಿಥಿಗಳು ಕೂತಾಗ ಸದ್ದು ಎಂದು ಆರಿಸುತ್ತಾರೆ, ತಾನು ಅಂದು ಊಟಕ್ಕೆ ಹೋಗಿದ್ದೆ ಎಂದ.

ಡಾಕ್ಟ್ರಮ್ಮ ಹೇಳಿಕಳಿಸಿದ ಮೇಲೆ, ಮಧ್ಯಾಹ್ನ ರುಚಿ ನೋಡುವ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಯಜಮಾನ, ಅಳಿಯ, ಕೆಲಸಗಾರ, ತಂಗಿ, ಮುಖ ಗಂಟಿಕ್ಕಿಕೊಂಡ ಇನ್‌ಸ್ಪೆಕ್ಟರ್. ಯಜಮಾನ ಗ್ಲಾಸು ಮುಂದೆ ಸರಿಸಿದ. ಡಾಕ್ಟ್ರಮ್ಮ ಮುಟ್ಟಲಿಲ್ಲ.

ಕೆಂಪು ವೈನ್ ಕುಡಿದವನ ಹಲ್ಲು ನೇರಳೆಗೆ ತಿರುಗುತ್ತದೆ, ಇವನ ಹಲ್ಲು ಬೆಳ್ಳಗಿದ್ದವು ಎಂದು ಶುರುಮಾಡಿದರು. ಅಂದರೆ ಈ ಕೋಣೆಗೆ ಅವನು ಬರಲೇ ಇಲ್ಲ, ನೆಲಮಾಳಿಗೆಗೆ ಹೋದವನು ತನ್ನ ಕಾಲಮೇಲೆ ಹೊರಬರಲಿಲ್ಲ. ಸೈಕಲ್ಲಿನಿಂದ ಬೀಳುವವನು ಕೈ ಚಾಚದೆ ಇರಲಾರ, ಇವನ ಅಂಗೈ ಗೀರಿಲ್ಲದೆ ಇತ್ತು, ಬೀಳುವಾಗ ಪ್ರಜ್ಞೆ ಇರಲಿಲ್ಲ. ಹಗಲಲ್ಲಿ ಅಂಗಿಗೆ ಮೇಣ ಹತ್ತುವ ಜಾಗ ಈ ಮಾಳಿಗೆ ಬಿಟ್ಟು ಬೇರೆ ಇಲ್ಲ. ಅದೂ ಎದೆಯ ಮೇಲೆ. ಬತ್ತಿಯನ್ನು ಕೆಳಗೆ ಹಿಡಿಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ದೀಪ ಎದೆಯ ಹತ್ತಿರ ಚೆನ್ನಾಗಿಯೇ ಉರಿಯುತ್ತಿತ್ತು. ತೊಟ್ಟಿಯೊಳಗೆ ಇಣುಕಲು ಬಗ್ಗಿದ, ಅಲ್ಲೇ ಕುಸಿದ.

ಆಮೇಲೆ ಯಾರೋ ಅವನನ್ನು ಹೊತ್ತು ತಿರುವಿಗೆ ಒಯ್ದರು, ಸೈಕಲ್ಲಿನ ಮುಂದಿನ ತಂತಿ ಕಳಚಿ ಅವನನ್ನೂ ಅದನ್ನೂ ಕಮರಿಗೆ ನೂಕಿದರು.

“ನಿಮ್ಮ ಅಳಿಯ ದಿನಾ ಇಂಥ ಸೈಕಲ್ಲೇ ತುಳಿಯೋನು. ಕೆಲಸದವನ ಹತ್ರಾನೂ ಅಂಥದ್ದೇ ಇದೆ. ಇವರಿಬ್ಬರೂ ಮುಂದಿನ ತಂತಿ ಮುಟ್ಟೋರಲ್ಲ, ಅದರಿಂದ ಏನೂ ಆಗಲ್ಲ ಅಂತ ಗೊತ್ತು. ಅದನ್ನ ಕಳಚಿದೋನು ಬ್ರೇಕು ಅಂದ್ರೆ ಹ್ಯಾಂಡಲಿನ ತಂತಿ ಅಂದ್ಕೊಳ್ಳೋನು, ಒಂದು ಸಲಾನೂ ಸೈಕಲ್ ತುಳಿಯದೆ ಇರೋನು. ಅಷ್ಟು ವೈನ್ ಕುಡಿದ ಅಂತ ಸುಳ್ಳು ಹೇಳಿದ್ದೂ ಅವನೇ.”

ಯಜಮಾನ ಗ್ಲಾಸಿನ ಕಾಲು ಹಿಡಿದು ತಿರುಗಿಸಿದ. ದೀಪದ ಬೆಳಕಲ್ಲಿ ಮಾಳಿಗೆ ನೋಡುವುದು ಬಂದವರಿಗೆ ಖುಷಿ, ಅದಕ್ಕೇ ಬತ್ತಿ ಹಚ್ಚಿ ಕೊಟ್ಟು ಕಳಿಸಿದೆ ಎಂದ. ಫ್ಯಾನು ಆರಿಸಿದ್ದು ಮರೆತೇ ಹೋಯಿತು ಎಂದ. ಮತ್ತೆ ಫ್ಯಾನು ಹಾಕಿ, ಪೆಟ್ಟಿಗೆ ತಳ್ಳುವ ಗಾಡಿಯಲ್ಲಿ ಎಳೆದು ತಂದು ಸೈಕಲ್ಲಿನ ಜೊತೆ ಕಾರಿಗೆ ಹಾಕಿಕೊಂಡೆ, ಸುದ್ದಿ ಹಬ್ಬಿದರೆ ಅಜ್ಜನ ಕಾಲದ ವೈನರಿಗೆ ಬೀಗ ಬೀಳುತ್ತಿತ್ತು ಎಂದ. ನಮ್ಮ ಅಂಗಡಿಗೆ ಬೀಗ ಬಿದ್ದರೆ ಅಡ್ಡಿಯಿಲ್ಲವಲ್ಲ. ನಾನು ಎದ್ದೇಬಿಟ್ಟೆ. ಡಾಕ್ಟ್ರಮ್ಮ ನನ್ನ ತೋಳು ಹಿಡಿದರು.

“ಹೇಗಿದ್ರೂ ಸತ್ತುಹೋಗಿದ್ದ” ಎಂದ ಯಜಮಾನ. “ನಾನು ಹೆಣಾನ ಸಾಗಿಸಿದೆ ಅಷ್ಟೆ.”

ಡಾಕ್ಟ್ರಮ್ಮ ತಂಗಿಯನ್ನು ನೋಡಿದರು. ಮುಂದಿನ ಮಾತನ್ನು ಅವಳ ಎದುರು ಹೇಳದೆ ಇರುವ ದಾರಿ ಹುಡುಕುತ್ತಿದ್ದರೆಂದು ಕಾಣುತ್ತದೆ. ಹೇಳಿ ಎಂದಳು ಅವಳು.

“ಸತ್ತೋರ ಗಾಯ ಹಾಗೆ ರಕ್ತ ಸುರಿಸಲ್ಲಮ್ಮ. ಹಣೆ ಕಲ್ಲಿಗೆ ಬಡಿದಾಗ ಎದೆ ಹೊಡ್ಕೋತಿತ್ತು. ಮಾಳಿಗೆ ಬಾಗಿಲಾಚೆ ಗಾಳಿಗೆ ಮಲಗಿಸಿದ್ರೆ ಎದ್ದು ಕೂರ್ತಿದ್ನೋ ಏನೋ.”

ಅಳಿಯ ಎದ್ದು ಮಾವನ ಮುಂದಿದ್ದ ಗ್ಲಾಸು ತೆಗೆದು ದೂರ ಇಟ್ಟ. ಇನ್‌ಸ್ಪೆಕ್ಟರ್ ಟೋಪಿ ಸರಿಮಾಡಿಕೊಂಡು, ನಡೀರಿ ಎಂದ ಯಜಮಾನನಿಗೆ.

ಸಂಜೆ ಅಣ್ಣನನ್ನು ಬಿಟ್ಟರು. ಠಾಣೆಯ ಹೊರಗಿನ ಬೆಂಚಿನಲ್ಲಿ ಸತ್ತವನ ತಂಗಿ ಹೆಣ ತರುವ ವ್ಯಾನಿಗೆ ಕಾಯುತ್ತಿದ್ದಳು. ಅಮ್ಮ ಬಿಸಿ ಅನ್ನ ಇಟ್ಟುಕೊಂಡು ಕೂತಿದ್ದಾಳೆ, ಬಾ ಎಂದು ನಾನು ಕೈ ಹಿಡಿದೆಳೆದರೂ ಅಣ್ಣ ಅವಳ ಮುಂದೆ ಹೋಗಿ ನಿಂತ.

“ಆ ಸೈಕಲ್ ನಾನೇ ನೋಡಿ ಕೊಟ್ಟಿದ್ದೆ ತಂಗಿ. ಚೆನ್ನಾಗಿತ್ತು.”

“ಗೊತ್ತು ಅಣ್ಣಾ” ಎಂದಳು.

ಅಣ್ಣಾ ಎಂಬ ಮಾತು ಬಾಯಿಂದ ಬಂದದ್ದೇ ಅವಳಿಗೆ ಅಳು ಒತ್ತರಿಸಿ ಬಂತು. ಅಣ್ಣ ಮನೆಗೆ ಹೊರಡಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ನಾನು ಸೈಕಲ್ ನಿಲ್ಲಿಸಿ ನೆಲದ ಮೇಲೇ ಕೂತೆ. ವ್ಯಾನು ಬರುವ ತನಕ ಮೂವರೂ ರಸ್ತೆ ನೋಡುತ್ತಿದ್ದೆವು.